ಬಾರ್ಲಿಕಾಳು, ತಕ್ಕಡಿ ಮತ್ತು ಪೇಟೆಯ ಧಾರಣೆ

ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರ ಹೊತ್ತಿಗೆ, ವಿಜಯನಗರವನ್ನು ಕಂಡ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಆ ಪಟ್ಟಣದ ಪೇಟೆಗಳಲ್ಲಿ ಮಾರಾಟಕ್ಕಿದ್ದ ಧಾನ್ಯಗಳನ್ನು ಹೆಸರಿಸಿದ್ದಾನೆ. ಅಕ್ಕಿ, ಜೋಳ, ಗೋದಿ, ಹೆಸರು, ಹುರುಳಿ ಮುಂತಾದವುಗಳ ಸಾಲಿನಲ್ಲಿ ಸ್ವಲ್ಪಮಟ್ಟಿಗೆ ಬಾರ್ಲಿಯೂ, ಎಂದರೆ ನಮ್ಮ ಜವೆಗೋದಿಯೂ, ಇದ್ದುದಾಗಿ ಅವನು ಹೇಳುತ್ತಾನೆ. ಇನ್ನೊಂದು ಕಡೆ ಅವನೇ ಬೇರೊಂದು ಸಂಗತಿಯನ್ನು ತಿಳಿಸುತ್ತಾನೆ: ಈ ನಾಡಿನಲ್ಲಿ ಕಾಳುಗಳು ಮನುಷ್ಯರಿಗೆ ಮಾತ್ರವಲ್ಲ, ಕುದುರೆಗಳಿಗೂ ಆಹಾರ, ಕುದುರೆಗೆ ಹಾಕಲು ಇಲ್ಲಿ ಬೇರೆ ಬಾರ್ಲಿಯಿಲ್ಲ. ತನ್ನ ದೇಶದಲ್ಲಿ ಬಾರ್ಲಿ ತಿನ್ನುವ ಕುದುರೆಗಳನ್ನು ಕಂಡವನಿಗೆ ಹಂಪಿಯ ಲಾಯಗಳಲ್ಲಿ ಕಾಳು ಮೆಲ್ಲುವ ಕುದುರೆಗಳು ವಿಚಿತ್ರವಾಗಿ ಕಂಡಿರಬೇಕು.

ಇಂದಿಗೂ ತುಂಗಭದ್ರೆಯ ಬಯಲು ಬಾರ್ಲಿಯ ಸೀಮೆಯಲ್ಲ. ಕಂಪ್ಲಿಯ ಗದ್ದೆಗಳಲ್ಲಿ ಬತ್ತ, ಸಂಡೂರಿನ ಬೆಟ್ಟಗಳ ತಪ್ಪಲಿನ ಒಣಭೂಮಿಯಲ್ಲಿ ಜೋಳ ಮತ್ತು ಮೆಕ್ಕೆಜೋಳ, ಹೊಸಪೇಟೆಯ ಸುತ್ತಮುತ್ತ ವಿಜಯನಗರದ ಅರಸರ ಕಾಲುವೆಗಳ ಕೆಳಗೆ ಬಾಳೆ, ಕಬ್ಬು, ಬತ್ತ. ಬಾರ್ಲಿಗೆ ಚಳಿಗಾಲದ ತಂಪು ಬೇಕು. ಆದುದರಿಂದ ಅದು ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣ, ಮಧ್ಯ ಪ್ರದೇಶಗಳ ಬೆಳೆ. ಈ ಭಾಗದ ವಿದ್ಯಾರ್ಥಿಗೆ ಬಾರ್ಲಿಯ ಪರಿಚಯ ಬಹುಶಃ ಜ್ವರ ಬಂದಾಗ ಕುಡಿಸಿದ ಗಂಜಿನೀರಿನಷ್ಟಕ್ಕೇ ನಿಂತಿದೆ. ಹಾಗಿದ್ದರೂ ಇಲ್ಲಿನ ಕಾಳಿನ ವ್ಯಾಪಾರದಲ್ಲಿ ಬಾರ್ಲಿಗೆ ಬಹುಕಾಲ ಒಂದು ಸ್ಥಾನವಿತ್ತು. ಅದು ಚೀಲದೊಳಗೆ ಇರಲಿಲ್ಲ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿತ್ತು.

ಸಂಸ್ಕೃತದಲ್ಲಿ ಬಾರ್ಲಿಗೆ ‘ಯವ’ವೆಂದು ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎಂಟು ಯವಗಳ ನಡುವಣ ಅಗಲವನ್ನು ಒಂದು ಅಂಗುಲವೆಂದು ಎಣಿಸಲಾಗಿದೆ. ಸಾವಿರಾರು ಮೈಲಿಗಳಾಚೆ ಇಂಗ್ಲೆಂಡಿನಲ್ಲಿಯೂ ಮೂರು ಬಾರ್ಲಿಕಾಳುಗಳ ಉದ್ದ ಒಂದು ಅಂಗುಲವಾಗಿತ್ತು. ಅಲ್ಲಿನ ಅತಿ ಚಿಕ್ಕ ತೂಕದ ಹೆಸರು ‘ಗ್ರೇನ್’, ಎಂದರೆ ಕಾಳು. ಬಾರ್ಲಿಕಾಳಿನಿಂದಲೇ ಅದು ಹುಟ್ಟಿತೆಂಬುದು ಪರಂಪರೆಯ ಅಭಿಪ್ರಾಯ. ಇಂದು ಒಂದು ಗ್ರೇನ್ ಎಂದರೆ 64.8 ಮಿಲಿಗ್ರಾಂ. ಸಾಮಾನ್ಯ ಬಾರ್ಲಿಕಾಳನ್ನು ತೂಗಿದರೆ ಅಷ್ಟು ಬರುವುದಿಲ್ಲ, 40ರಿಂದ 50 ಮಿಲಿಗ್ರಾಂ ಬಂದೀತು. ಮಾನವು ಲೋಹದ ಬೊಟ್ಟಿನಲ್ಲಿ ಒಮ್ಮೆ ನೆಲೆಗೊಂಡ ಮೇಲೆ ಯಾರೂ ಕಾಳನ್ನು ಕೇಳಲು ಹೋಗಲಿಲ್ಲ.

ಈ ಗ್ರೇನ್ ನಮ್ಮ ಪೇಟೆಗೆ ಬಂದ ಬಗೆ ಹೀಗೆ. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಯಿದೆಯೊಂದು ತೊಲದ ತೂಕವನ್ನು 180 ಗ್ರೇನ್ ಎಂದು ನಿಶ್ಚಯಿಸಿತು. 80 ತೊಲಗಳಿಗೆ ಒಂದು ಸೇರು, 40 ಸೇರುಗಳಿಗೆ ಒಂದು ಮಣ. ಆಗಿನ ಬೆಳ್ಳಿಯ ರೂಪಾಯಿಯ ತೂಕವೂ ಸರಿಯಾಗಿ 180 ಗ್ರೇನ್. ಆದುದರಿಂದ ಆ ಸೇರಿನಲ್ಲಿ ಕಾಳನ್ನು ತೂಗಿ ರೂಪಾಯಿ ಎಣಿಸಿದ ವರ್ತಕನು ಸರಕನ್ನೂ ಹಣವನ್ನೂ ಒಂದೇ ಕಾಳಿನಿಂದ, ತಾನು ಎಂದೂ ಬೆಳೆಯದ ಕಾಳಿನಿಂದ, ಅಳೆಯುತ್ತಿದ್ದನು! ನಮ್ಮ ಲೆಕ್ಕದಲ್ಲಿ ತೊಲವೆಂದರೆ 11.664 ಗ್ರಾಂ, ಸೇರು 933 ಗ್ರಾಂ, ಮಣ 37.3 ಕಿಲೋಗ್ರಾಂ.

ಧಾರಣೆ ಎಂಬುದು ಒಂದು ಭಿನ್ನರಾಶಿ. ಮೇಲೆ ರೂಪಾಯಿ, ಕೆಳಗೆ ಕಾಳು. ಪತ್ರಿಕೆಗಳಲ್ಲಿ, ದಲಾಲಿ ಅಂಗಡಿಗಳ ಕಟ್ಟೆಯ ಮೇಲೆ, ವಿಧಾನಸಭೆಯಲ್ಲಿ ನಡೆಯುವ ವಾದವೆಲ್ಲ ಮೇಲಿನ ಅಂಕೆಯನ್ನು ಕುರಿತದ್ದು. ಕೆಳಗಿರುವ ಛೇದವನ್ನು ಎಲ್ಲರೂ ನಿಶ್ಚಿತವೆಂದೇ ನಂಬಿಬಿಡುತ್ತಾರೆ. ಆದರೆ ಭಿನ್ನರಾಶಿಯ ಬೆಲೆ ಛೇದ ಅಲುಗಿದರೂ ಅಲುಗುತ್ತದೆ. ರೈತನ ನಷ್ಟಗಳಲ್ಲಿ ಒಂದು ಪಾಲು ಅಲ್ಲಿಯೇ ಅಡಗಿರುತ್ತದೆ. ಭೌತವಿಜ್ಞಾನಕ್ಕೆ ಕೆಲಸವಿರುವುದೂ ಅಲ್ಲಿಯೇ.

ಹಿಂದಿನ ದಿನಗಳಲ್ಲಿ ಈ ಸೀಮೆಯಲ್ಲಿ ಮೇಲಿನ ಅಂಕೆಯೂ ನಿಶ್ಚಿತವಾಗಿರಲಿಲ್ಲವೆನ್ನಿ. ಹೊಸಪೇಟೆ ಮತ್ತು ಕಂಪ್ಲಿಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು; ಸಂಡೂರು 1949ರವರೆಗೆ ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನ; ಹೊಳೆಯನ್ನು ದಾಟಿದರೆ ಆನೆಗೊಂದಿ, ಗಂಗಾವತಿಗಳಲ್ಲಿ ನಿಜಾಮನ ಆಡಳಿತ. ಅಲ್ಲಿ ಹಾಲಿ ಸಿಕ್ಕಾ ರೂಪಾಯಿ ಚಲಾವಣೆಯಲ್ಲಿತ್ತು. ಅಂಥ 7 ರೂಪಾಯಿಗಳಿಗೆ ಈ ದಡದ 6 ರೂಪಾಯಿ ಸಮ. ಹರಿಗೋಲಿನಲ್ಲಿ ಕುಳಿತು ಹೊಳೆ ದಾಟುವಷ್ಟರಲ್ಲಿ ಧಾರಣೆ ಬದಲಾಗುತ್ತಿತ್ತು.

ಈಗ ಛೇದಕ್ಕೆ ಬರೋಣ. ಕಾಳನ್ನು ಹಳ್ಳಿಯ ಕಣದಲ್ಲಿ ತೂಗುತ್ತಿರಲಿಲ್ಲ, ಅಳೆಯುತ್ತಿದ್ದರು. ಸೇರು, ಬಳ್ಳ, ಕೊಳಗ, ಖಂಡುಗಗಳೆಲ್ಲ ಗಾತ್ರದ ಮಾನಗಳಾಗಿ ಬಳಕೆಯಲ್ಲಿದ್ದವು. ರಾಶಿ ಅಳೆಯುವಾಗ ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ಸೊಗಸಾದ ರೂಢಿ ನಮ್ಮ ರೈತರಲ್ಲಿದೆ. ಆ ಲಾಭ ಯಾರಿಗೆ ಎಂಬುದನ್ನು ಮಾತ್ರ ಪಾತ್ರೆಯ ಆಕಾರವೇ ನಿರ್ಧರಿಸುತ್ತಿತ್ತು.

ಒಂದು ಉರುಳೆಯಾಕಾರದ ಪಾತ್ರೆಯಲ್ಲಿ ಕಾಳನ್ನು ಅಂಚಿಗೆ ಸಮನಾಗಿ ಸವರಿ ಅಳೆಯಬಹುದು. ಅಥವಾ ಅಂಚಿನ ಮೇಲೆ ಗೋಪುರ ನಿಲ್ಲುವಂತೆ ತುಂಬಿಯೂ ಅಳೆಯಬಹುದು. ಈ ಗೋಪುರ ಎಷ್ಟು ಕಡಿದಾಗಿ ನಿಂತೀತು? ಒಣಮರಳಿನಂತೆ ಕಾಳಿಗೂ ಒಂದು ನೆಲೆಕೋನವುಂಟು. ರಾಶಿಯ ಇಳಿಜಾರು ಆ ಕೋನವನ್ನು ಮೀರಿದರೆ ಕಾಳುಗಳ ನಡುವಣ ಘರ್ಷಣೆ ಸಾಲದೆ ಅವು ಕೆಳಕ್ಕೆ ಜಾರುತ್ತವೆ. ನುಣುಪಾದ ದುಂಡು ಕಾಳಿಗೆ ಈ ಕೋನ ಕಡಿಮೆ. ಹೊಟ್ಟು ಒರಟಾಗಿರುವ ಬತ್ತಕ್ಕೆ ಹೆಚ್ಚು, ಸುಮಾರು 35 ಡಿಗ್ರಿ ಎನ್ನಬಹುದು. ಗೋಪುರವೊಂದು ಶಂಕು; ಅದರ ಗಾತ್ರವು ಅದೇ ತಳ ಮತ್ತು ಎತ್ತರವುಳ್ಳ ಉರುಳೆಯ ಗಾತ್ರದ ಮೂರನೆಯ ಒಂದು ಪಾಲು. 35 ಡಿಗ್ರಿಯ ಸ್ಪರ್ಶಕ 0.7 ಆದ್ದರಿಂದ ಗೋಪುರದ ಎತ್ತರ ಪಾತ್ರೆಯ ತ್ರಿಜ್ಯದ 0.7 ಪಾಲು. ಪಾತ್ರೆಯ ಆಳವೂ ತ್ರಿಜ್ಯವೂ ಸಮನಾಗಿದ್ದರೆ ಗೋಪುರದಲ್ಲಿ ನಿಲ್ಲುವ ಕಾಳು ಪಾತ್ರೆಯೊಳಗಿನದರ ನೂರಕ್ಕೆ 23ರಷ್ಟು. ಆಳವು ತ್ರಿಜ್ಯದ ನಾಲ್ಕರಷ್ಟಿದ್ದರೆ ಅದು ನೂರಕ್ಕೆ 6 ಮಾತ್ರ.

ಎರಡು ಪಾತ್ರೆಗಳೂ ಸವರಿ ಅಳೆದಾಗ ಒಂದೇ ಸೇರು ಹಿಡಿಯುತ್ತವೆ; ಎರಡರ ಮೇಲೂ ಒಂದೇ ಮುದ್ರೆ ಒತ್ತಬಹುದು. ಆದರೆ ಕೊಳ್ಳುವವನು ಅಗಲಬಾಯಿಯ ಪಾತ್ರೆಯಲ್ಲಿ ಗೋಪುರ ತುಂಬಿ ಕೊಂಡು, ಉದ್ದನೆಯ ಪಾತ್ರೆಯಲ್ಲಿ ಸವರಿ ಮಾರಿದರೆ, ಧಾರಣೆ ಒಂದು ಕಾಸೂ ಏರದೆ ಐದನೆಯ ಒಂದು ಪಾಲಿಗಿಂತ ಹೆಚ್ಚು ಗಳಿಸುತ್ತಾನೆ. ಪಾತ್ರೆಯನ್ನು ನಾಲ್ಕು ಸಲ ನೆಲಕ್ಕೆ ಕುಟ್ಟಿದರೆ ಕಾಳುಗಳ ನಡುವಣ ಪೊಳ್ಳು ತಗ್ಗಿ ಮತ್ತಷ್ಟು ಕಾಳು ಹಿಡಿಸುತ್ತದೆ. ಅಳೆಯುವವನ ಕೈಯ ಮೇಲೆ ರೈತನಿಗೆ ಇದ್ದ ಸಂಶಯವು ಅಕಾರಣವಾದುದಲ್ಲ.

1956ರ ತೂಕ ಮತ್ತು ಅಳತೆಗಳ ಕಾಯಿದೆ ಈ ಗೊಂದಲದ ಬಹುಭಾಗವನ್ನು ತೊಡೆದುಹಾಕಿತು. 1957ರ ಏಪ್ರಿಲಿನಲ್ಲಿ ದಶಮಾಂಶ ನಾಣ್ಯಗಳೂ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಂ ತೂಕಗಳೂ ಬಂದವು. ಭಿನ್ನರಾಶಿಯ ಮೇಲಿನ ಅಂಕೆ, ಕೆಳಗಿನ ಅಂಕೆ ಎರಡೂ ಕೆಲವೇ ವರ್ಷಗಳಲ್ಲಿ ಬದಲಾದವು. ನೂರಾರು ಬಗೆಯ ಮಾನಗಳಿದ್ದ ದೇಶದಲ್ಲಿ ಇದು ಸಾಮಾನ್ಯ ಸಾಧನೆಯಲ್ಲ. ಗ್ರೇನಿನ ಋಣ ಹೀಗೆ ತೀರಿತು. ಹಳೆಯ ಅಭ್ಯಾಸ ಮಾತ್ರ ಪೂರ್ತಿಯಾಗಿ ಹೋಗಲಿಲ್ಲ. ಸರಕಾರವು ಬತ್ತದ ಬೆಂಬಲ ಬೆಲೆಯನ್ನು ಕ್ವಿಂಟಲಿನ ಲೆಕ್ಕದಲ್ಲಿ ಹೇಳಿದರೆ, ತುಂಗಭದ್ರಾ ಬಯಲಿನ ಪೇಟೆಗಳಲ್ಲಿ 75 ಕಿಲೋಗ್ರಾಂ ಚೀಲದ ಲೆಕ್ಕದಲ್ಲಿ ಮಾತಾಡುವ ವಾಡಿಕೆಯಿದೆ. 2024–25ರ ಮುಂಗಾರು ಹಂಗಾಮಿಗೆ ಸಾಮಾನ್ಯ ಬತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,300 ರೂಪಾಯಿ. ಚೀಲಕ್ಕೆ 1,725 ರೂಪಾಯಿ ಆಯಿತು.

ಹಾಗಾದರೆ ನಿಖರವಾದ ತಕ್ಕಡಿ ಬಂದ ಮೇಲೆ ಛೇದದ ತೊಡಕು ಮುಗಿಯಿತೆ? ಇಲ್ಲ. ತಕ್ಕಡಿಯು ಕಾಳನ್ನು ಮಾತ್ರ ತೂಗುವುದಿಲ್ಲ. ಕಾಳಿನೊಳಗಿನ ನೀರನ್ನೂ ಅಷ್ಟೇ ಶ್ರದ್ಧೆಯಿಂದ ತೂಗುತ್ತದೆ.

ಕೊಯ್ದ ಹೊಸತರಲ್ಲಿ ಬತ್ತದಲ್ಲಿ ನೂರಕ್ಕೆ 20ಕ್ಕೂ ಮಿಕ್ಕಿ ನೀರಿರುವುದುಂಟು. ಯಂತ್ರದಿಂದ ಕೊಯ್ದು, ಕಣವನ್ನು ಕಾಣದೆ ನೇರವಾಗಿ ಚೀಲ ಸೇರುವ ಬತ್ತದಲ್ಲಿ ಇದು ಇನ್ನೂ ಸಾಮಾನ್ಯ. ಬೆಂಬಲ ಬೆಲೆಯ ಖರೀದಿಯಲ್ಲಿ ಬತ್ತದ ತೇವಾಂಶಕ್ಕೆ ನೂರಕ್ಕೆ 17 ಎಂಬ ಮೇಲ್ಮಿತಿಯಿದೆ, ಮೆಕ್ಕೆಜೋಳಕ್ಕೆ 14. ಕಂಪ್ಲಿಯ ರೈತನೊಬ್ಬ 22ರ ತೇವಾಂಶವುಳ್ಳ 75 ಕಿಲೋಗ್ರಾಮಿನ ಚೀಲವನ್ನು ತಂದನೆಂದು ಭಾವಿಸೋಣ. ಮಿತಿಗಿಂತ 5 ಹೆಚ್ಚು. ಹಾಗಾದರೆ ಎಷ್ಟು ತೂಕವನ್ನು ಕಳೆಯಬೇಕು? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದಾಗಲೆಲ್ಲ ಬಹುಮಂದಿ ಕೂಡಲೆ ನೂರಕ್ಕೆ 5 ಎನ್ನುತ್ತಾರೆ. ಅದು ತಪ್ಪು.

ನೀರು ಆರಿಹೋದರೂ ಬದಲಾಗದೆ ಉಳಿಯುವುದು ಒಣಪದಾರ್ಥ. ಅದನ್ನು ಹಿಡಿದುಕೊಂಡೇ ಲೆಕ್ಕ ಮಾಡಬೇಕು. 75 ಕಿಲೋಗ್ರಾಮಿನಲ್ಲಿ ನೂರಕ್ಕೆ 78, ಎಂದರೆ 58.5 ಕಿಲೋಗ್ರಾಂ ಒಣಪದಾರ್ಥ. ತೇವಾಂಶ 17ಕ್ಕೆ ಇಳಿದಾಗ ಇದೇ 58.5 ಕಿಲೋಗ್ರಾಂ ಒಟ್ಟು ತೂಕದ ನೂರಕ್ಕೆ 83 ಪಾಲಾಗುತ್ತದೆ. 58.5ನ್ನು 0.83ರಿಂದ ಭಾಗಿಸಿದರೆ 70.5 ಕಿಲೋಗ್ರಾಂ. ಆರಿಹೋದ ನೀರು ನಾಲ್ಕೂವರೆ ಕಿಲೋಗ್ರಾಂ; ಮೊದಲ ತೂಕದ ನೂರಕ್ಕೆ 5 ಅಲ್ಲ, 6. ಚೀಲಕ್ಕೆ 1,725 ರೂಪಾಯಿಯಂತೆ ನ್ಯಾಯವಾದ ಕಡಿತ ಸುಮಾರು 104 ರೂಪಾಯಿ. ರೈತನಿಗೆ ಸಲ್ಲಬೇಕಾದುದು 1,621 ರೂಪಾಯಿ. ಒಣಗಿಸುವ ಖರ್ಚನ್ನು ಕೊಳ್ಳುವವನು ಬೇರೆಯಾಗಿ ಕೇಳಬಹುದು, ಅದು ಮಾತುಕತೆಗೆ ಬಿಟ್ಟದ್ದು. ಆದರೆ ಮೀಟರನ್ನೂ ನೋಡದೆ ‘ಹಸಿ ಇದೆ’ ಎಂದು ಚೀಲಕ್ಕೆ ಇಂತಿಷ್ಟು ಕಿಲೋ ಕಳೆದುಬಿಡುವುದು ಲೆಕ್ಕವಲ್ಲ. ನೂರು ಚೀಲದ ರೈತನಿಗೆ ಚೀಲವೊಂದಕ್ಕೆ ಎರಡು ಕಿಲೋಗ್ರಾಂ ಹೆಚ್ಚಾಗಿ ಕಡಿತವಾದರೆ ಎರಡು ಕ್ವಿಂಟಲ್ ಬತ್ತ ಹೋಯಿತು.

ಇದಕ್ಕೆ ವಿರುದ್ಧವಾದ ನಷ್ಟವೂ ಒಂದುಂಟು. ಅದರ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಬೇಸಗೆಯ ಬೆಳೆ ಕೊಯ್ಲಿಗೆ ಬರುವ ಏಪ್ರಿಲ್ ಮೇ ತಿಂಗಳುಗಳಲ್ಲಿ ಈ ಸೀಮೆಯ ಬಿಸಿಲು ಪ್ರಸಿದ್ಧವಾದುದು. ಕಾಳು ತನ್ನ ಸುತ್ತಣ ಗಾಳಿಯೊಡನೆ ಸದಾ ನೀರಿನ ಕೊಡುಕೊಳ್ಳುವಿಕೆ ನಡೆಸುತ್ತಿರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 75ರಷ್ಟಿದ್ದರೆ ಕಾಳಿನ ತೇವಾಂಶ 14–15ರ ಹತ್ತಿರ ನಿಲ್ಲುತ್ತದೆ. ಆರ್ದ್ರತೆ 40ಕ್ಕೆ ಇಳಿದರೆ ತೇವಾಂಶ 9–10ರ ಕಡೆಗೆ ಸಾಗುತ್ತದೆ. ಹೀಗಾಗಿ ಹೊಸಪೇಟೆಯ ಬಿಸಿಲಿನಲ್ಲಿ ನಾಲ್ಕು ದಿನ ಹರವಿದ ಬತ್ತ ಮಿತಿಯನ್ನು ಮೀರಿ ಒಣಗುತ್ತದೆ. 17ರಲ್ಲಿ 75 ಕಿಲೋಗ್ರಾಂ ತೂಗುತ್ತಿದ್ದ ಚೀಲ 12ಕ್ಕೆ ಬಂದಾಗ 70.7 ಕಿಲೋಗ್ರಾಂ ಮಾತ್ರ. ಕ್ವಿಂಟಲಿನ ಧಾರಣೆ ಎರಡಕ್ಕೂ ಒಂದೇ ಆಗಿದ್ದರೆ, ನಾಲ್ಕು ಕಿಲೋಗ್ರಾಮಿನಷ್ಟನ್ನು ರೈತ ಗಾಳಿಗೆ ದಾನ ಮಾಡಿದಂತಾಯಿತು. ಅಲ್ಲದೆ ಅವಸರದಿಂದ ಒಣಗಿದ ಕಾಳಿನ ಹೊರಭಾಗ ಕುಗ್ಗಿ ಒಳಭಾಗ ಕುಗ್ಗದಿದ್ದಾಗ ಉಂಟಾಗುವ ಎಳೆತದಿಂದ ಅಕ್ಕಿ ಬಿರಿಯುತ್ತದೆ. ಗಿರಣಿಯಲ್ಲಿ ಅದು ನುಚ್ಚಾಗುತ್ತದೆ. ನುಚ್ಚಿನ ಧಾರಣೆ ಎಷ್ಟೆಂದು ಹೇಳಬೇಕಾದುದಿಲ್ಲ.

ಒಣಗಿದ ಅದೇ ಕಾಳು ಮಳೆಗಾಲದಲ್ಲಿ ಘಟ್ಟವಿಳಿದು ಮಂಗಳೂರಿನ ಉಗ್ರಾಣ ಸೇರಲಿ. ಅಲ್ಲಿನ ತೇವದ ಗಾಳಿಯಲ್ಲಿ ಅದು 12ರಿಂದ 15ಕ್ಕೆ ಏರಿತೆಂದರೆ, 75 ಕಿಲೋಗ್ರಾಮಿನ ಚೀಲ 77.6 ಕಿಲೋಗ್ರಾಂ ಆಗುತ್ತದೆ. ಒಂದು ಕಾಳೂ ಸೇರಲಿಲ್ಲ; ಎರಡೂವರೆ ಕಿಲೋಗ್ರಾಂ ಅರಬ್ಬೀ ಸಮುದ್ರದಿಂದ ಬಂತು. ದೂರದೂರದ ಪೇಟೆಗಳ ಧಾರಣೆಗಳನ್ನು ಹೋಲಿಸುವವರು ಸಾಗಣೆ, ಸುಂಕ, ದಲಾಲಿಗಳ ಜೊತೆಗೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದೀತು.

ಹಾಗಾದರೆ ಕಾಳಿನೊಳಗಿನ ನೀರನ್ನು ಅಳೆಯುವುದು ಹೇಗೆ? ಅನುಭವಸ್ಥರು ಕಾಳನ್ನು ಹಲ್ಲಿನಿಂದ ಕಚ್ಚಿ, ಅದು ಮುರಿಯುವ ಸದ್ದಿನಿಂದಲೇ ಹೇಳಬಲ್ಲರು. ಇದನ್ನು ಹಗುರವಾಗಿ ಕಾಣಬೇಕಾಗಿಲ್ಲ. ತೇವ ಹೆಚ್ಚಿದಂತೆ ಕಾಳು ಮೆತ್ತಗಾಗುವುದು ಭೌತಸತ್ಯವೇ. ಆದರೆ 17 ಮತ್ತು 18ರ ನಡುವಣ ಅಂತರವನ್ನು ಹಲ್ಲು ತೀರ್ಮಾನಿಸಲಾರದು. ಪ್ರಯೋಗಶಾಲೆಯ ನೇರವಾದ ವಿಧಾನವೆಂದರೆ ತೂಗಿದ ಕಾಳನ್ನು ನೀರಿನ ಕುದಿಬಿಂದುವಿಗಿಂತ ಮೇಲಿನ ಉಷ್ಣತೆಯ ಒಲೆಯಲ್ಲಿಟ್ಟು, ತೂಕ ಮತ್ತೆ ಇಳಿಯದಂತಾಗುವವರೆಗೆ ಒಣಗಿಸಿ, ಮತ್ತೆ ತೂಗುವುದು. ಇದಕ್ಕೆ ಗಂಟೆಗಟ್ಟಲೆ ಕಾಲ ಬೇಕು. ಗಾಡಿಗಳು ಸಾಲುಗಟ್ಟಿ ನಿಂತಿರುವ ಮಾರುಕಟ್ಟೆಯ ಪ್ರಾಂಗಣದಲ್ಲಿ ಅಷ್ಟು ತಾಳ್ಮೆ ಯಾರಿಗಿದೆ?

ಅದಕ್ಕಾಗಿ ಬಂದುದು ವಿದ್ಯುತ್ತಿನ ತೇವಮಾಪಕ. ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯುತ್ ಧಾರಕವನ್ನು ನೋಡಿರುವವರಿಗೆ ಇದರ ತತ್ತ್ವ ಸುಲಭ. ಎರಡು ಲೋಹದ ಫಲಕಗಳ ನಡುವೆ ಗಾಳಿಯ ಬದಲು ಬೇರೊಂದು ಅವಾಹಕವನ್ನಿಟ್ಟರೆ, ಫಲಕಗಳು ಅದೇ ವೋಲ್ಟೇಜಿನಲ್ಲಿ ಹೆಚ್ಚು ವಿದ್ಯುದಂಶವನ್ನು ಹಿಡಿಯುತ್ತವೆ. ಎಷ್ಟು ಪಟ್ಟು ಹೆಚ್ಚೆಂಬುದು ಆ ಪದಾರ್ಥದ ಗುಣ. ಒಣಕಾಳಿಗೆ ಇದು ಕೆಲವೇ ಪಟ್ಟು. ನೀರಿಗೆ ಸುಮಾರು 80 ಪಟ್ಟು. ನೀರಿನ ಅಣುವಿನ ಒಂದು ತುದಿ ಧನ, ಇನ್ನೊಂದು ಋಣ. ವಿದ್ಯುತ್‌ಕ್ಷೇತ್ರ ಬಂದೊಡನೆ ಅದು ಆ ದಿಕ್ಕಿಗೆ ತಿರುಗಿ ನಿಲ್ಲುತ್ತದೆ. ಆದುದರಿಂದ ಕಾಳಿನಲ್ಲಿ ನೀರು ಸ್ವಲ್ಪವೇ ಹೆಚ್ಚಿದರೂ ಧಾರಕದ ಸಾಮರ್ಥ್ಯ ಗಮನಾರ್ಹವಾಗಿ ಏರುತ್ತದೆ. ಹಿಡಿಕಾಳನ್ನು ಸುರಿದು ಗುಂಡಿ ಒತ್ತಿದರೆ ಅಂಕೆ ಮೂಡುತ್ತದೆ.

ಆ ಅಂಕೆಯನ್ನು ನಂಬುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳುವ ಹಕ್ಕು ಕಾಳಿನ ಒಡೆಯನಿಗುಂಟು. ಯಂತ್ರವು ಬತ್ತಕ್ಕೆ ಹೊಂದಿಸಿದೆಯೇ, ಇಲ್ಲವೆ ಮೆಕ್ಕೆಜೋಳಕ್ಕೆ ಹೊಂದಿಸಿದ್ದು ಹಾಗೆಯೇ ಇದೆಯೇ? ಒಂದೊಂದು ಕಾಳಿನ ರಚನೆ ಒಂದೊಂದು ಬಗೆ. ಬಾರ್ಲಿಯ ಪಟ್ಟಿಯಿಂದ ಬತ್ತವನ್ನು ಓದಲಾಗದು. ಕಾಳನ್ನು ಒತ್ತಿ ತುಂಬಿದರೆ ಫಲಕಗಳ ನಡುವೆ ಪದಾರ್ಥ ಹೆಚ್ಚಾಗಿ ಅಂಕೆ ಬದಲಾಗುತ್ತದೆ. ಬಿಸಿಲಿನಿಂದ ನೇರವಾಗಿ ತಂದ ಬಿಸಿ ಕಾಳು, ಉಷ್ಣತೆಯ ತಿದ್ದುಪಡಿ ಮಾಡದಿದ್ದರೆ, ಇರುವುದಕ್ಕಿಂತ ಹೆಚ್ಚು ತೇವವನ್ನು ತೋರಿಸುತ್ತದೆ. ಮೇ ತಿಂಗಳ ಮಧ್ಯಾಹ್ನ ಕಂಪ್ಲಿಯಲ್ಲಿ ಇದು ಚಿಕ್ಕ ವಿಷಯವಲ್ಲ. ಮಾದರಿಯನ್ನು ನೆರಳಿನಲ್ಲಿಟ್ಟು ಆರಲು ಬಿಟ್ಟು, ಮೂರು ಕಡೆಯಿಂದ ಮೂರು ಹಿಡಿ ತೆಗೆದು ಸರಾಸರಿ ನೋಡುವುದು ಸರಿಯಾದ ಕ್ರಮ.

ಬಾರ್ಲಿಯ ಪೇಟೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು. ಅಲ್ಲಿ ಒಂದೇ ಕಾಳಿಗೆ ಎರಡು ಬಾಳು: ಮೊಳಕೆ ಬರಿಸಿ ಮಾಲ್ಟ್ ಮಾಡುವ ಕಾರ್ಖಾನೆಗೆ ಹೋದರೆ ಒಳ್ಳೆಯ ಧಾರಣೆ, ಇಲ್ಲವಾದರೆ ದನಗಳ ಮೇವಿನ ಧಾರಣೆ. ಮಾಲ್ಟಿಗೆ ಕಾಳು ಜೀವಂತವಾಗಿರಬೇಕು, ನೂರಕ್ಕೆ 95ಕ್ಕೂ ಹೆಚ್ಚು ಕಾಳು ಮೊಳೆಯಬೇಕು. ತೇವದ ಕಾಳನ್ನು ರಾಶಿ ಹಾಕಿದರೆ ಅದು ಉಸಿರಾಡಿ ಶಾಖವನ್ನು ಬಿಡುತ್ತದೆ. ಕಾಳಿನ ರಾಶಿ ಮರದ ಹಾಗೆ ಶಾಖದ ದುರ್ವಾಹಕ. ಶಾಖ ಹೊರಗೆ ಹೋಗದೆ ಒಳಗೇ ಕೂಡಿ ಭ್ರೂಣವನ್ನು ಕೊಲ್ಲುತ್ತದೆ. ಹೊರಗಿನಿಂದ ನೋಡಿದರೆ ಸತ್ತ ಕಾಳೂ ಬದುಕಿದ ಕಾಳೂ ಒಂದೇ. ಹಂಪಿಯ ಕೃಷ್ಣ ದೇವಾಲಯದ ಬಳಿ, ಕಣಜವೆಂದು ಗುರುತಿಸಲಾಗಿರುವ ಆರು ಗುಮ್ಮಟಗಳ ಕಟ್ಟಡವನ್ನು ನೋಡಿದವರು ಅದರ ದಪ್ಪ ಗೋಡೆಗಳನ್ನು ಗಮನಿಸಿರಬಹುದು. ಅಂಥ ಗೋಡೆ ಹೊರಗಿನ ಬಿಸಿಲನ್ನು ತಡೆದೀತು. ಒಳಗಿನ ತೇವದ ಕಾಳು ತಾನೇ ಹುಟ್ಟಿಸುವ ಶಾಖಕ್ಕೆ ಅದರಲ್ಲಿ ಪರಿಹಾರವಿಲ್ಲ. ಒಣಗಿಸಿಯೇ ತುಂಬಬೇಕು.

ವಾಯಿದೆ ವ್ಯಾಪಾರದಲ್ಲಿ ಬಾರ್ಲಿಗೆ ಜೈಪುರವೇ ಆಧಾರಕೇಂದ್ರವಾಯಿತು. ಅಲ್ಲಿ ಕೊಳ್ಳುವವನು ಕಾಳನ್ನು ಕಾಣುವುದಿಲ್ಲ; ತೇವಾಂಶ, ಕಸಕಡ್ಡಿ, ಕಾಳಿನ ಗುಣಗಳನ್ನು ಹೇಳುವ ಅಂಕೆಗಳನ್ನು ಕೊಳ್ಳುತ್ತಾನೆ. ನಮ್ಮ ರಾಜ್ಯವು 2014ರಲ್ಲಿ ಕೃಷಿ ಮಾರುಕಟ್ಟೆಗಳನ್ನು ಗಣಕಯಂತ್ರದ ಜಾಲದಿಂದ ಬೆಸೆಯುವ ಏಕೀಕೃತ ವ್ಯವಸ್ಥೆಯನ್ನು ಆರಂಭಿಸಿತು. 2016ರ ಏಪ್ರಿಲಿನಲ್ಲಿ ಇಡೀ ದೇಶಕ್ಕೆ ‘ಇ-ನಾಮ್’ ಬಂತು. ದೂರದ ವರ್ತಕನು ಹೊಸಪೇಟೆಯ ರಾಶಿಗೆ ಕುಳಿತಲ್ಲಿಂದಲೇ ಬೆಲೆ ಕೂಗಬಹುದೆಂಬುದು ಇದರ ಆಶಯ. ಆದರೆ ಪ್ರಾಂಗಣದಲ್ಲಿ ಮಾಪನ ಸರಿಯಾಗಿಲ್ಲದಿದ್ದರೆ ದೂರದವನು ಅಪಾಯದ ಬಾಬತ್ತನ್ನು ಬೆಲೆಯಿಂದ ಮೊದಲೇ ಕಳೆದು ಕೂಗುತ್ತಾನೆ, ಅಥವಾ ಕೂಗುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ, ತಿದ್ದಿ ನೋಡಿದ ಒಂದು ತೇವಮಾಪಕವು ಮಾರುಕಟ್ಟೆಗೆ ಹತ್ತು ಗಣಕಯಂತ್ರಗಳಿಗಿಂತ ಹೆಚ್ಚಿನ ಉಪಕಾರ ಮಾಡುತ್ತದೆ.

ಮೀಟರು ಇಲ್ಲದ ಮನೆಯಲ್ಲಿ ವಿದ್ಯಾರ್ಥಿಗಳು ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ಚೆನ್ನಾಗಿ ಒಣಗಿದ ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಪಾಲಿನಷ್ಟು ಕಾಳನ್ನು ತುಂಬಿ, ಬಿಸಿಲಿನಲ್ಲಿ ಒಣಗಿಸಿದ ಪುಡಿ ಉಪ್ಪನ್ನು ಎರಡು ಮೂರು ಚಮಚದಷ್ಟು ಹಾಕಿ, ಮುಚ್ಚಳವನ್ನು ಬಿಗಿದು ಒಂದೆರಡು ನಿಮಿಷ ಅಲುಗಿಸಬೇಕು. ಹತ್ತು ನಿಮಿಷ ಹಾಗೆಯೇ ಬಿಟ್ಟು ನೋಡಬೇಕು. ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ಕಾಳಿನ ತೇವಾಂಶ ನೂರಕ್ಕೆ 15ನ್ನು ಮೀರಿದೆ. ಗಾಜು ಶುಭ್ರವಾಗಿದ್ದರೆ ಅದಕ್ಕಿಂತ ಕಡಿಮೆಯಿದೆ. ಅಡಿಗೆಯ ಉಪ್ಪು ಸಾಪೇಕ್ಷ ಆರ್ದ್ರತೆ 75ನ್ನು ದಾಟಿದಾಗ ಮಾತ್ರ ಗಾಳಿಯ ನೀರನ್ನು ಹೀರಿ ಒದ್ದೆಯಾಗುತ್ತದೆ. ಸೀಸೆಯೊಳಗಿನ ಗಾಳಿಯ ಆರ್ದ್ರತೆಯನ್ನು ನಿರ್ಧರಿಸುವುದು ಕಾಳು. ಆ 75ಕ್ಕೆ ಸರಿಹೊಂದುವ ತೇವಾಂಶ 15ರ ಆಸುಪಾಸು. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದಕ್ಕೂ ಇದೇ ಕಾರಣ.